ಮ್ಯಾಂಡೊಲಿನ್ ತಾಳ ಹಿಡಿದದ್ದು ಹೇಗೆ: ಬ್ಲೂಗ್ರಾಸ್‌ನ ಹಳೇ ರೆಕಾರ್ಡುಗಳನ್ನು ಕೇಳುವ ಮುನ್ನ

ಮ್ಯಾಂಡೊಲಿನ್ ಅಂದರೆ ನಮಗೆ ಮೊದಲು ನೆನಪಾಗುವುದು ಯು. ಶ್ರೀನಿವಾಸ್ ಅವರ ಗಮಕ. ಅದೇ ಕಿವಿಯಲ್ಲಿ ಬ್ಲೂಗ್ರಾಸ್, ಅಂದರೆ ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯಗಳ ಸಂಗೀತ, ಕೇಳಲು ಕೂತರೆ ನಿರಾಸೆಯಾದೀತು. ಹಾಡಿನ ನಡುವೆ ಕೆಲವೇ ಸೆಕೆಂಡು ಮ್ಯಾಂಡೊಲಿನ್ ಮುಂದೆ ಬಂದು ನುಡಿಯುತ್ತದೆ, ಆಮೇಲೆ ಕಾಣೆ. ಅದು ಎಲ್ಲಿಗೂ ಹೋಗಿರುವುದಿಲ್ಲ, ಹಿಂದೆ ನಿಂತು ತಾಳ ಹಾಕುತ್ತಿರುತ್ತದೆ.

ಹಳೇ ಬ್ಲೂಗ್ರಾಸ್ ತಂಡಗಳಲ್ಲಿ ಡ್ರಮ್ ಇಲ್ಲ. ನಾಲ್ಕರ ಎಣಿಕೆಯಲ್ಲಿ 1 ಮತ್ತು 3 ಬಾಸ್‌ನದು (ನಿಲ್ಲಿಸಿ ನುಡಿಸುವ, ತಗ್ಗು ದನಿಯ ದೊಡ್ಡ ತಂತಿವಾದ್ಯ), 2 ಮತ್ತು 4 ಮ್ಯಾಂಡೊಲಿನ್‌ನದು. ಮ್ಯಾಂಡೊಲಿನ್‌ನ ಈ ಒಣ ಹೊಡೆತಕ್ಕೆ ಚಾಪ್ ಎಂದು ಹೆಸರು. ವಾದ್ಯಕ್ಕೆ ಎಂಟು ತಂತಿ, ಎರಡೆರಡರ ನಾಲ್ಕು ಜೋಡಿ; ಶ್ರುತಿ ಪಾಶ್ಚಾತ್ಯ ಪಿಟೀಲಿನದೇ: ಜಿ, ಡಿ, ಎ, ಇ. ಜಿ ಕಾರ್ಡ್‌ನ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಚಾಪ್‌ಗೆ ದಪ್ಪ ತಂತಿಯಿಂದ ಕ್ರಮವಾಗಿ 7, 5, 2, 3ನೇ ಫ್ರೆಟ್‌ಗಳಲ್ಲಿ, ಅಂದರೆ ಕತ್ತಿನ ಮೇಲಿನ ಮೆಟ್ಟಿಲುಗಳಲ್ಲಿ, ನಾಲ್ಕು ಬೆರಳು ಕೂರಬೇಕು. ಬಿಡಿ ತಂತಿ ಒಂದೂ ಇರಕೂಡದು, ಅದರ ನಾದವನ್ನು ಎಡಗೈಯಿಂದ ನಿಲ್ಲಿಸಲು ಬರುವುದಿಲ್ಲ. ಮೀಟಿದ ಮರುಕ್ಷಣ ಬೆರಳಿನ ಒತ್ತು ಸಡಿಲಿಸಬೇಕು, ಬೆರಳು ಮಾತ್ರ ತಂತಿ ಬಿಡಬಾರದು. ಪೂರ್ತಿ ಎತ್ತಿದರೆ ಬಿಡಿ ತಂತಿಗಳು ಗುಂಯ್‌ಗುಡುತ್ತವೆ. ತಡವಾಗಿ ಸಡಿಲಿಸಿದರೆ ಸದ್ದು ಹಾಡುವವನ ದನಿಯ ಮೇಲೆ ಬೀಳುತ್ತದೆ.

ಈ ವಾದ್ಯ ತಾಳಕ್ಕೆಂದು ಹುಟ್ಟಿದ್ದಲ್ಲ. ಮಿಷಿಗನ್‌ನ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಯಲ್ಲಿ ಲಾಯ್ಡ್ ಲೋರ್ 1922ರಲ್ಲಿ ಎಫ್-5 ಮಾದರಿ ತಂದದ್ದು ಕಛೇರಿ ಸಂಗೀತಕ್ಕೆ. ದುಂಡು ತೂತಿನ ಬದಲು ಪಿಟೀಲಿನ ಹಾಗೆ ಎಫ್ ಆಕಾರದ ಎರಡು ಸೀಳು. ಆ ಹೊತ್ತಿಗೆ ಮ್ಯಾಂಡೊಲಿನ್ ವಾದ್ಯವೃಂದಗಳ ಹುಚ್ಚು ಇಳಿದಿತ್ತು, 1924ರಲ್ಲಿ ಲೋರ್ ಕಾರ್ಖಾನೆ ಬಿಟ್ಟರು. ಅವರು ಸಹಿ ಹಾಕಿದ, 1923ರ ಜುಲೈ 9ರ ತಾರೀಖಿನ ಒಂದು ವಾದ್ಯ 1940ರ ದಶಕದಲ್ಲಿ ಫ್ಲಾರಿಡಾದ ಕ್ಷೌರದಂಗಡಿಯೊಂದರಲ್ಲಿ ಬ್ಲೂಗ್ರಾಸ್‌ನ ಜನಕನೆನಿಸಿದ ಬಿಲ್ ಮನ್ರೋ ಕೈಗೆ ಸಿಕ್ಕಿತು. ಕೆಂಟಕಿಯ ರೋಸೀನ್ ಊರಿನ ಈ ಮನ್ರೋ ಮನೆಯಲ್ಲಿ ಕೊನೆಯ ಮಗ. ಪಿಟೀಲು, ಗಿಟಾರು ಅಣ್ಣಂದಿರ ಪಾಲಾಗಿ ಇವನಿಗೆ ಉಳಿದದ್ದು ಮ್ಯಾಂಡೊಲಿನ್. ಅದೂ ಗಲಾಟೆಯಾಗದಿರಲೆಂದು ನಾಲ್ಕೇ ತಂತಿ ಕಟ್ಟಿಕೊಟ್ಟರಂತೆ!

ಕೇಳುವಾಗ ಕಾಲಕ್ರಮ ಹಿಡಿಯುವುದು ಒಳ್ಳೆಯದು. 1936ರಲ್ಲಿ ಅಣ್ಣ ಚಾರ್ಲಿಯ ಜೊತೆ ಬ್ಲೂಬರ್ಡ್ ಕಂಪನಿಗೆ ಮಾಡಿದ ರೆಕಾರ್ಡುಗಳಲ್ಲಿ ಇರುವುದು ಎರಡೇ ವಾದ್ಯ. ತಾಳ ಗಿಟಾರಿನ ಜವಾಬ್ದಾರಿ, ಮ್ಯಾಂಡೊಲಿನ್ ಓಡುವುದಷ್ಟೇ. 1945ರ ಕೊಲಂಬಿಯಾ ರೆಕಾರ್ಡುಗಳಲ್ಲಿ ಅಕಾರ್ಡಿಯನ್ ಕೂಡ ಇದೆ, ನಾದ ಇನ್ನೂ ಮಂದ. 1946ರ ಸೆಪ್ಟೆಂಬರಿನಲ್ಲಿ ಷಿಕಾಗೋದಲ್ಲಿ ಅರ್ಲ್ ಸ್ಕ್ರಗ್ಸ್‌ನ ಮೂರು ಬೆರಳಿನ ಬ್ಯಾಂಜೋ, ಲೆಸ್ಟರ್ ಫ್ಲ್ಯಾಟ್‌ನ ಗಿಟಾರು ಸೇರಿದ ಮೇಲೆ ಇಂದು ಬ್ಲೂಗ್ರಾಸ್ ಎನ್ನುವ ಕಟ್ಟು ಸಿದ್ಧವಾಯಿತು.

ಅಲ್ಲೇ ದಾಖಲಾದ ‘ಬ್ಲೂ ಮೂನ್ ಆಫ್ ಕೆಂಟಕಿ’ ಮೂರೆಣಿಕೆಯ ವಾಲ್ಟ್ಸ್. 1954ರಲ್ಲಿ ಎಲ್ವಿಸ್ ಪ್ರೆಸ್ಲಿ ಅದನ್ನು ನಾಲ್ಕೆಣಿಕೆಯಲ್ಲಿ ಹಾಡಿದ. ಅದೇ ವರ್ಷ ಮನ್ರೋ ಮತ್ತೆ ದಾಖಲಿಸಿ, ವಾಲ್ಟ್ಸ್‌ನಲ್ಲೇ ಆರಂಭಿಸಿ ನಡುವೆ ನಾಲ್ಕಕ್ಕೆ ಜಿಗಿದರು. ಮನ್ರೋ ಅವರ ಎರಡೂ ರೆಕಾರ್ಡುಗಳನ್ನು ಬೆನ್ನುಬೆನ್ನಿಗೆ ಕೇಳಿ, ಜಿಗಿಯುವ ಜಾಗದಲ್ಲಿ ಕೈಯಲ್ಲಿ ತಾಳ ಹಾಕಿ ನೋಡಿ. ತಾಳ ತಿಳಿಯಲು ಇಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ.

ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಬಾಸ್ ಕಿವಿಗೆ ಬೀಳುವುದಿಲ್ಲ. ಬಾಸ್ ಇಲ್ಲದೆ ಚಾಪ್ ಅರ್ಥವಿಲ್ಲದ ಟಕಟಕ. ಇನ್ನೊಂದು ತೊಂದರೆ ಮರುಮುದ್ರಣಗಳದ್ದು. 78 ಆರ್‌ಪಿಎಂ ತಟ್ಟೆಯ ಚರಚರ ಅಳಿಸುವ ಭರದಲ್ಲಿ ಪಿಕ್ (ತಂತಿ ಮೀಟುವ ಬಿಲ್ಲೆ) ತಂತಿಗೆ ತಾಗುವ ಚೂಪು ಸದ್ದೂ ಹೋಗಿರುತ್ತದೆ. ಸ್ವಲ್ಪ ಚರಚರ ಉಳಿದ ಮೊನೊ ಪ್ರತಿಯೇ ವಾಸಿ, ಕೃತಕ ಸ್ಟೀರಿಯೋ ಮಾಡಿದ್ದು ಬೇಡ.

ಮುಂದೆ ಜೆಸ್ಸಿ ಮೆಕ್‌ರೆನಾಲ್ಡ್ಸ್ ಬ್ಯಾಂಜೋದ ಉರುಳಿಕೆಯನ್ನು (ಬೇರೆ ಬೇರೆ ತಂತಿಗಳ ಸ್ವರ ಒಂದರ ಹಿಂದೊಂದು ಉರುಳುವುದು) ಒಂದೇ ಪಿಕ್‌ನಲ್ಲಿ ತಂದರು, ಫ್ರ್ಯಾಂಕ್ ವೇಕ್‌ಫೀಲ್ಡ್ ಮನ್ರೋ ಶೈಲಿಯನ್ನೇ ತಿರುಚಿ ಬೆಳೆಸಿದರು. ಅವರಿಗೆ ಹೋಗುವ ಮೊದಲು 1953ರ ‘ಗೆಟ್ ಅಪ್ ಜಾನ್’ ಕೇಳಬೇಕು. ಅಲ್ಲಿ ಜೋಡಿ ತಂತಿಗಳನ್ನೇ ಒಡೆದು ಶ್ರುತಿ ಮಾಡಲಾಗಿದೆ: ದಪ್ಪ ಜೋಡಿಯಲ್ಲಿ ಒಂದು ಎಫ್ ಶಾರ್ಪ್, ಇನ್ನೊಂದು ಎ, ಸಣ್ಣ ಜೋಡಿಯಲ್ಲಿ ಒಂದು ಎ, ಇನ್ನೊಂದು ಡಿ, ನಡುವಿನ ಎರಡು ಜೋಡಿ ಎಂದಿನಂತೆ. ಒಂದು ಬೆರಳು ಒತ್ತಿದರೆ ಎರಡು ಸ್ವರ. ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಒಂದೇ ವಾದ್ಯದೊಳಗೆ ಇಬ್ಬರು ಕೂತು ನುಡಿಸಿದಂತಿರುತ್ತದೆ.