ಕರೆಂಟ್ ಬಿಲ್ಲೇ ಸೊನ್ನೆ, ಮತ್ತೆ ಬಿಎಲ್‌ಡಿಸಿ ಫ್ಯಾನ್ ಯಾಕೆ?

ಪ್ರಶ್ನೆ: ನಮ್ಮದು ಹೊಸನಗರದ ಕಡೆಯ ಹಳ್ಳಿ. ಊರಿನ ಸ್ತ್ರೀಶಕ್ತಿ ಸಂಘದವರು ಎಲ್ಲ ಮನೆಗೂ ಒಟ್ಟಿಗೆ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟಿನಲ್ಲಿ ಓಡುವ, ಬ್ರಷ್ ಇಲ್ಲದ ಡಿಸಿ ಮೋಟರಿನ ಫ್ಯಾನ್) ತರಿಸೋಣ ಅಂತಿದ್ದಾರೆ. ಗೃಹಜ್ಯೋತಿಯಿಂದ ನಮಗೆ ಬಿಲ್ಲೇ ಬರುವುದಿಲ್ಲ. ಮೂರು ಸಾವಿರ ಕೊಟ್ಟು ಫ್ಯಾನ್ ತಗೊಂಡರೆ ಏನು ಲಾಭ?

ಉತ್ತರ: ಬಿಲ್ಲಿನ ಲೆಕ್ಕವೊಂದನ್ನೇ ಹಿಡಿದರೆ ನಿಮ್ಮ ಅನುಮಾನ ಸರಿ. ಆದರೆ ಮಲೆನಾಡಿನಲ್ಲಿ ಈ ಫ್ಯಾನಿನ ಬೆಲೆ ತಿಳಿಯುವುದು ಕರೆಂಟ್ ಇದ್ದಾಗಲ್ಲ, ಹೋದಾಗ.

ಜುಲೈ ತಿಂಗಳು, ಮರ ಬಿದ್ದು ಲೈನ್ ಹರಿದಿದೆ, ಲೈನ್‌ಮನ್ ನಾಳೆ ಬಂದರೆ ಪುಣ್ಯ. ಮನೆಯಲ್ಲಿ 150 ಎಎಚ್‌ನ (ಆಂಪಿಯರ್-ಗಂಟೆ, ಬ್ಯಾಟರಿಯ ಅಳತೆ) ಒಂದು ಇನ್ವರ್ಟರ್ ಬ್ಯಾಟರಿ. ನಷ್ಟವೆಲ್ಲ ಕಳೆದು ಅದರಿಂದ ಸುಮಾರು 1200 ವ್ಯಾಟ್-ಗಂಟೆ ಸಿಗುತ್ತದೆ ಅನ್ನಿ. 75 ವ್ಯಾಟಿನ ಎರಡು ಹಳೇ ಫ್ಯಾನ್, 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬ್ ಹಾಕಿದರೆ ಒಟ್ಟು 186 ವ್ಯಾಟ್, ಆರೂವರೆ ಗಂಟೆಯೊಳಗೆ ಬ್ಯಾಟರಿ ಖಾಲಿ. ಅದೇ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ ಇದ್ದರೆ ಹನ್ನೆರಡು ಗಂಟೆ ದಾಟುತ್ತದೆ. ಮಳೆಗಾಲದಲ್ಲಿ ಫ್ಯಾನ್ ಯಾರಿಗೆ ಬೇಕು ಅಂತ ಬಯಲುಸೀಮೆಯವರು ಕೇಳಬಹುದು. ಒದ್ದೆ ಬಟ್ಟೆ ಒಣಗಿಸುವವರನ್ನು ಕೇಳಿ ನೋಡಿ. ಇನ್ನು ವೋಲ್ಟೇಜ್ ಇಳಿದಾಗ ಹಳೇ ಫ್ಯಾನ್ ತೆವಳುತ್ತದೆ, ಬಹುತೇಕ ಬಿಎಲ್‌ಡಿಸಿ ಫ್ಯಾನ್‌ಗಳು ಅದೇ ವೇಗದಲ್ಲಿ ತಿರುಗುತ್ತವೆ.

ಸೊನ್ನೆ ಬಿಲ್ಲಿಗೂ ಒಂದು ಗೆರೆ ಇದೆ. 200 ಯೂನಿಟ್ ಎಲ್ಲರಿಗೂ ಉಚಿತ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. 2022-23ರ ನಿಮ್ಮ ತಿಂಗಳ ಸರಾಸರಿಗೆ ಶೇ 10 ಸೇರಿಸಿದ್ದು ನಿಮ್ಮ ಪಾಲು (ತೀರಾ ಕಡಿಮೆ ಬಳಸುವ ಮನೆಗಳಿಗೆ 2024ರಿಂದ ಶೇ 10ರ ಬದಲು 10 ಯೂನಿಟ್). ಆಗ 60 ಯೂನಿಟ್ ಸುಡುತ್ತಿದ್ದ ಮನೆಗೆ 66. ಅದರ ಮೇಲಿನದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಆಮೇಲೆ ಫ್ರಿಜ್ಜೋ ಗೀಸರೋ ಬಂದ ಮನೆಗೆ ಈಗಾಗಲೇ ಬಿಲ್ ಬರುತ್ತಿರುತ್ತದೆ. ದಿನಕ್ಕೆ ಹತ್ತು ಗಂಟೆ ಓಡುವ ಫ್ಯಾನ್ ಬದಲಿಸಿದರೆ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. (2000 ವ್ಯಾಟಿನ ಗೀಸರ್ ಅರ್ಧ ಗಂಟೆಗೇ ಒಂದು ಯೂನಿಟ್ ನುಂಗುತ್ತದೆ. ಅಡಿಕೆ ಸಿಪ್ಪೆ ರಾಶಿ ಬಿದ್ದಿರುವ ಮನೆಯಲ್ಲಿ ಬಚ್ಚಲ ಒಲೆ ಕಿತ್ತು ಗೀಸರ್ ಹಾಕುವುದು ನನಗಂತೂ ಅರ್ಥವಾಗದ ಮಾತು.)

ನಿಜವಾದ ದುಡ್ಡಿನ ಲಾಭ ಅಂಗಡಿ, ಹೋಟೆಲಿನವರಿಗೆ. ಅವರ ವಾಣಿಜ್ಯ ಮೀಟರಿಗೆ ಗೃಹಜ್ಯೋತಿ ಇಲ್ಲ. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ನಾಲ್ಕು ಫ್ಯಾನ್ ದಿನಕ್ಕೆ 14 ಗಂಟೆ ತಿರುಗಿದರೆ, ಬದಲಿಸಿದ ಮೇಲೆ ತಿಂಗಳಿಗೆ 75 ಯೂನಿಟ್ ಉಳಿತಾಯ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 500 ದಾಟಿತು. ಹಾಕಿದ ದುಡ್ಡು ಎರಡು ವರ್ಷದೊಳಗೆ ವಾಪಸ್. ಸಂಘದವರು ಮನೆಗಳ ಜತೆ ಊರಿನ ಅಂಗಡಿಗಳನ್ನೂ ಸೇರಿಸಿಕೊಂಡರೆ ಆರ್ಡರ್ ದೊಡ್ಡದಾಗುತ್ತದೆ, ದರ ಇಳಿಸಲು ಕೂತು ಮಾತಾಡಬಹುದು. ಒಟ್ಟಿಗೆ ಕೊಂಡರೆ ಬೆಲೆ ಎಷ್ಟು ಬೀಳುತ್ತದೆ ಅನ್ನುವುದಕ್ಕೆ ಎಲ್‌ಇಡಿ ಬಲ್ಬೇ ಸಾಕ್ಷಿ: ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬ್ ಹಂಚುವ ಕೇಂದ್ರದ ಉಜಾಲಾ ಯೋಜನೆಗೆ ಸರ್ಕಾರಿ ಕಂಪನಿ ಇಇಎಸ್‌ಎಲ್ 2014ರಲ್ಲಿ 310 ರೂಪಾಯಿಗೆ ಖರೀದಿಸುತ್ತಿದ್ದ ಬಲ್ಬ್ 2016ಕ್ಕೆ 38 ರೂಪಾಯಿಗೆ ಬಂತು.

ಆದರೆ ದರಕ್ಕಿಂತ ಹೆಚ್ಚು ಚೌಕಾಸಿ ಮಾಡಬೇಕಾದ್ದು ವಾರಂಟಿಗೆ. ಈ ಫ್ಯಾನಿನೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ನಮ್ಮ ಕಡೆ ಮೊದಲು ಹೋಗುವುದು ಅದೇ. ಸಿಡಿಲಿಗೆ ಸುಟ್ಟರೆ ವಾರಂಟಿ ಕೊಡುತ್ತೀರಾ, ಬೋರ್ಡ್ ಸಾಗರದಲ್ಲೋ ಶಿವಮೊಗ್ಗದಲ್ಲೋ ಸಿಗುತ್ತದಾ ಅಂತ ಮೊದಲೇ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ನಾಲ್ಕೈದು ಬೋರ್ಡ್ ಹೆಚ್ಚಿಗೆ ತರಿಸಿ ಸಂಘದಲ್ಲೇ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಗುಡುಗು ಶುರುವಾದರೆ ಮೈನ್ ಆಫ್ ಮಾಡುವ ರೂಢಿ ಬಿಡಬೇಡಿ. ಹಾಕಿಸುವಾಗ ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿ; ಅದರ ಮೂಲಕ ಕೊಟ್ಟರೆ ಬೋರ್ಡ್ ಹಾಳಾಗಬಹುದು. ಕರೆಂಟ್ ಎಷ್ಟು ಉಳಿಸುತ್ತದೆ ಅಂತ ತೋರಿಸುವ ಸ್ಟಾರ್ ಲೇಬಲ್ ಇಲ್ಲದ್ದನ್ನು ಮುಟ್ಟಬೇಡಿ, ಸೀಲಿಂಗ್ ಫ್ಯಾನಿಗೆ ಅದು 2023ರಿಂದ ಕಡ್ಡಾಯ.

ಇನ್ವರ್ಟರ್ ಇಲ್ಲದ, ಬಿಲ್ಲೂ ಬರದ ಮನೆಯವರು ಈಗಿರುವ ಫ್ಯಾನ್ ಕೆಡುವವರೆಗೆ ಕಾಯಬಹುದು, ಸಂಘದವರು ಒತ್ತಾಯ ಮಾಡಬಾರದು. ಬದಲಿಸಿದವರು ಮಾತ್ರ ಹಳೇ ಫ್ಯಾನನ್ನು ಗುಜರಿಗೆ ಹಾಕಿ. ಕೊಟ್ಟಿಗೆಗೆ ನೇತುಹಾಕಿದರೆ ಉಳಿಸಿದ ಯೂನಿಟ್ಟೆಲ್ಲ ದನಗಳ ಪಾಲು.