ಎಫ್ ಕೀ ಸವೆದರೆ ಕನ್ನಡ, ನಂಬರ್ ಪ್ಯಾಡ್ ಸವೆದರೆ ಲೆಕ್ಕ

ರಿಪೇರಿಗೆ ಕೀಬೋರ್ಡ್ ಬಂದರೆ ನಾನು ಮೊದಲು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಯುತ್ತೇನೆ. ಬೆರಳು ಉಜ್ಜಿ ಉಜ್ಜಿ ನುಣುಪಾದ ಕೀಗಳು ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತವೆ. ಬಲಗಡೆಯ ನಂಬರ್ ಪ್ಯಾಡ್ ಮಿಂಚುತ್ತಿದ್ದರೆ ಅದು ಆಡಿಟರ್ ಆಫೀಸಿನದು. ಕಂಟ್ರೋಲ್, ಸಿ, ವಿ ಮೂರೇ ಸವೆದಿದ್ದರೆ ಯಾರದು ಅಂತ ಹೇಳುವುದು ಬೇಡ ಬಿಡಿ. ಎಫ್ ಕೀ ಮೇಲಿನ ಅಕ್ಷರವೇ ಅಳಿಸಿಹೋಗಿ, ಶಿಫ್ಟ್ ಕನ್ನಡಿಯಂತಾಗಿದ್ದರೆ ಅಲ್ಲಿ ದಿನವಿಡೀ ಕನ್ನಡ ಟೈಪ್ ಆಗುತ್ತದೆ.

ಶಿವಮೊಗ್ಗದಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡಿಕೊಂಡು 19 ವರ್ಷವಾಯಿತು. ಆಡಿಟರುಗಳು, ವಕೀಲರು, ಪ್ರಿಂಟಿಂಗ್ ಪ್ರೆಸ್ಸಿನವರು, ಒಂದೆರಡು ಸೊಸೈಟಿಗಳು ನನ್ನ ಗಿರಾಕಿಗಳು. ಈಚೆಗೆ ಎಲ್ಲರಿಗೂ ಮೆಕ್ಯಾನಿಕಲ್ ಕೀಬೋರ್ಡ್ ಬೇಕು. ಬಂದವರೇ "ಬ್ಲೂ ಸ್ವಿಚ್ ತಗೊಳ್ಳೋದಾ, ಬ್ರೌನಾ, ರೆಡ್ಡಾ?" ಅನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ, "ಹಳೇ ಕೀಬೋರ್ಡ್ ತಂದಿದ್ದೀರಾ?" ಅವರಿಗೆ ಏನು ಬೇಕು ಅನ್ನುವುದು ಅದರ ಮೇಲೆ ಬರೆದಿರುತ್ತದೆ.

ಮೆಕ್ಯಾನಿಕಲ್ ಅಂದರೆ ನಮಗೇನೂ ಹೊಸದಲ್ಲ. ಬಿಲ್ಲಿಂಗ್ ಕೌಂಟರುಗಳಲ್ಲಿ ಟಕ ಟಕ ಅಂತ ಸದ್ದು ಮಾಡುತ್ತಿದ್ದ ಟಿವಿಎಸ್ ಗೋಲ್ಡ್ ನೆನಪಿದೆಯಲ್ಲ, ಅದೂ ಇದೇ ಜಾತಿ. ಮಾಮೂಲಿ 500 ರೂಪಾಯಿಯ ಕೀಬೋರ್ಡ್ ಬಿಚ್ಚಿದರೆ ಒಳಗೆ ರಬ್ಬರಿನ ಸಣ್ಣ ಗುಬ್ಬಿಗಳು, ಅವುಗಳ ಕೆಳಗೆ ಸರ್ಕ್ಯೂಟ್ ಅಚ್ಚಾದ ಪ್ಲಾಸ್ಟಿಕ್ ಹಾಳೆ. ಕೀಯನ್ನು ಹೆಚ್ಚುಕಮ್ಮಿ ತಳದವರೆಗೆ ಅದುಮಿದರೆ ಮಾತ್ರ ಅಕ್ಷರ ಬೀಳುತ್ತದೆ. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ಬೇರೆಯದೇ ಸ್ವಿಚ್. ಅದರಲ್ಲೊಂದು ಸ್ಪ್ರಿಂಗ್, ಎರಡು ಲೋಹದ ಎಲೆ, ನಡುವೆ ಮೇಲೆ ಕೆಳಗೆ ಆಡುವ ಪ್ಲಾಸ್ಟಿಕ್ ಕಡ್ಡಿ. ಕಡ್ಡಿ ಕೆಳಗಿಳಿದಾಗ ಎಲೆಗಳು ಒಂದಕ್ಕೊಂದು ತಾಗುತ್ತವೆ. ಜರ್ಮನಿಯ ಚೆರ್ರಿ ಕಂಪನಿಯ ಮಾಮೂಲಿ ಸ್ವಿಚ್ಚಿನಲ್ಲಿ ಕೀ ಇಳಿಯುವುದು ಒಟ್ಟು 4 ಮಿಲಿಮೀಟರ್. ಅಕ್ಷರ ಬೀಳಲು ಅದರಲ್ಲಿ ಅರ್ಧ ಸಾಕು. ಮಿಕ್ಕ ಅರ್ಧ ನೀವು ಸುಮ್ನೆ ಗುದ್ದುವುದು.

ಬಣ್ಣಗಳ ಲೆಕ್ಕವೂ ಚೆರ್ರಿಯವರಿಂದಲೇ ಶುರುವಾಗಿದ್ದು. ರೆಡ್ ಸರಾಗವಾಗಿ ಇಳಿಯುತ್ತದೆ. ಬ್ರೌನ್‌ನಲ್ಲಿ ನಡುವೆ ಬೆರಳಿಗೆ ಸಣ್ಣ ಉಬ್ಬು ಸಿಗುತ್ತದೆ. ಬ್ಲೂನಲ್ಲಿ ಉಬ್ಬಿನ ಜೊತೆಗೆ ಟಿಕ್ ಅನ್ನುವ ಸದ್ದು. ಬ್ಲ್ಯಾಕ್ ಅಂದರೆ ಬಿಗಿ ಸ್ಪ್ರಿಂಗಿನ ರೆಡ್. ಈಗ ಬೇರೆ ಬೇರೆ ಕಂಪನಿಗಳು ಹಳದಿ, ಬೆಳ್ಳಿ, ಗುಲಾಬಿ ಅಂತ ಏನೇನೋ ಬಣ್ಣ ತಂದಿವೆ, ಅವಕ್ಕೆಲ್ಲ ಒಂದೇ ನಿಯಮವಿಲ್ಲ. ಡಬ್ಬಿಯ ಮೇಲಿನ ಬಣ್ಣ ಓದುವ ಬದಲು ಜೇಬಿನಿಂದ ಹತ್ತು ರೂಪಾಯಿ ನಾಣ್ಯ ತೆಗೆಯಿರಿ. ಒಂದರ ತೂಕ ಸುಮಾರು 7.7 ಗ್ರಾಂ. ಅಂಗಡಿಯಲ್ಲಿ ಕಂಪ್ಯೂಟರಿಗೆ ಹಾಕಿಟ್ಟ ಕೀಬೋರ್ಡ್ ಇದ್ದರೆ ಒಂದು ಕೀ ಮೇಲೆ ನಿಧಾನಕ್ಕೆ ಒಂದೊಂದೇ ಪೇರಿಸುತ್ತ ಹೋಗಿ. ರೆಡ್ ಆದರೆ ಆರನೆಯ ನಾಣ್ಯದ ಆಸುಪಾಸಿನಲ್ಲಿ ಪರದೆಯ ಮೇಲೆ ಅಕ್ಷರ ಬೀಳಬೇಕು. ಬ್ಲ್ಯಾಕ್ ಎಂಟು ನಾಣ್ಯ ಕೇಳುತ್ತದೆ. ಅಂಗಡಿಯವನು ನಗುತ್ತಾನೆ, ನಗಲಿ.

ಆರಕ್ಕೂ ಎಂಟಕ್ಕೂ ಎರಡೇ ನಾಣ್ಯದ ವ್ಯತ್ಯಾಸ ಅನ್ನಿಸಬಹುದು. ಕೋರ್ಟ್ ಹತ್ತಿರ ಕೂತು ಅರ್ಜಿ, ಅಫಿಡವಿಟ್ ಟೈಪ್ ಮಾಡುವ ಯಜಮಾನರೊಬ್ಬರು ನನ್ನ ಗಿರಾಕಿ. ಟೈಪ್‌ರೈಟರಿನಲ್ಲಿ ಕಲಿತ ಕೈ. ಯೋಚನೆ ಮಾಡುವಾಗ ಎಂಟೂ ಬೆರಳನ್ನು ಕೀಗಳ ಮೇಲೆ ಭಾರ ಬಿಟ್ಟು ಇಟ್ಟಿರುತ್ತಾರೆ. ಅವರಿಗೆ ನಾನು ರೆಡ್ ಕೊಡಿಸಿದೆ. ಮಾರನೆಯ ದಿನವೇ ಫೋನು: "ಏನಪ್ಪಾ, ನಾನು ಸುಮ್ನೆ ಕೂತಿದ್ರೂ ಇದು ಟೈಪ್ ಮಾಡ್ತಾ ಇರುತ್ತೆ." ಬದಲಿಸಿ ಬ್ಲೂ ಕೊಟ್ಟೆ. ಅದಕ್ಕೆ ಒತ್ತಡವೂ ಜಾಸ್ತಿ ಬೇಕು, ಸದ್ದೂ ಇದೆ. ಅವರು ಕೂರುವುದು ರಸ್ತೆ ಪಕ್ಕ, ಆಟೋ ಹಾರ್ನಿನ ನಡುವೆ ಅದು ಯಾರಿಗೂ ಕೇಳುವುದಿಲ್ಲ.

ಅದೇ ಬ್ಲೂ ನನ್ನ ಕೈ ಸುಟ್ಟಿದ್ದೂ ಉಂಟು. ಒಂದು ಆಡಿಟರ್ ಆಫೀಸಿಗೆ ಒಟ್ಟಿಗೆ ಆರು ಬ್ಲೂ ಕೀಬೋರ್ಡ್ ಹಾಕಿಕೊಟ್ಟೆ. ಹಾಕಿದಾಗ ಜೂನ್, ಕೆಲಸ ಕಮ್ಮಿ, ಎಲ್ಲರಿಗೂ ಖುಷಿ. ಸೆಪ್ಟೆಂಬರ್ ಬಂತು. ಟ್ಯಾಕ್ಸ್ ಆಡಿಟ್ ವರದಿಗೆ 30ನೇ ತಾರೀಖು ಕಡೇ ದಿನ. ಒಂದೇ ಹಾಲ್, ಶೀಟಿನ ಸೀಲಿಂಗ್, ಆರು ಜನ ಬೆಳಗ್ಗಿನಿಂದ ರಾತ್ರಿವರೆಗೆ ಎಂಟ್ರಿ ಹೊಡೆಯುತ್ತಿದ್ದಾರೆ. ಆಡಿಟರ್ ನನ್ನನ್ನು ಕರೆಸಿ, "ರೀ, ಫೋನಲ್ಲಿ ಕ್ಲೈಂಟು 'ನಿಮ್ಮ ಕಡೆ ಆಲಿಕಲ್ಲು ಮಳೆನಾ ಸಾರ್' ಅಂತ ಕೇಳ್ತಿದಾರೆ" ಅಂದರು. ಆ ಕೀಬೋರ್ಡುಗಳಲ್ಲಿ ಸ್ವಿಚ್ಚುಗಳನ್ನು ಬೋರ್ಡಿಗೆ ಬೆಸುಗೆ ಹಾಕಿತ್ತು, ಬದಲಿಸುವುದು ಸುಲಭವಿರಲಿಲ್ಲ. ಆರನ್ನೂ ವಾಪಸ್ ತಂದೆ. ಎರಡು ವರ್ಷ ನನ್ನ ಅಂಗಡಿಯ ಅಟ್ಟದ ಮೇಲಿದ್ದವು.

ಆ ಏಟು ತಿಂದ ಮೇಲೆ, ಒಂದೇ ಕೋಣೆಯಲ್ಲಿ ಇನ್ನೊಬ್ಬರು ಕೂರುವ ಕಡೆ ನಾನು ಬ್ಲೂ ಕೊಡಿಸುವುದಿಲ್ಲ. ನೀವು ಇಷ್ಟಪಟ್ಟರೆ ಸಾಲದು, ಪಕ್ಕದವರೂ ಸಹಿಸಬೇಕಲ್ಲ. ಸೈಲೆಂಟ್ ಅಂತ ಹೇಳಿಯೇ ಮಾರುವ ಸ್ವಿಚ್ಚುಗಳಿವೆ. ಕಡ್ಡಿ ಮೇಲೂ ಕೆಳಗೂ ಬಡಿಯುವ ಜಾಗದಲ್ಲಿ ಮೆತ್ತನೆಯ ರಬ್ಬರ್ ಇಟ್ಟಿರುತ್ತಾರೆ. ಬೆರಳಿಗೆ ಸ್ವಲ್ಪ ಮೆತ್ತಗೆ ಅನ್ನಿಸುತ್ತದೆ, ಹದವಾದ ಇಡ್ಲಿ ಒತ್ತಿದ ಹಾಗೆ. ಎರಡು ವಾರದಲ್ಲಿ ರೂಢಿಯಾಗುತ್ತದೆ. ಬ್ರೌನ್ ಕೂಡ ಪರವಾಗಿಲ್ಲ, ಆದರೆ ತಳಕ್ಕೆ ಗುದ್ದುವ ಕೈಯಾದರೆ ಬ್ರೌನಿಗೂ ಸದ್ದಿದೆ. ಟೊಳ್ಳು ಪ್ಲೈವುಡ್ ಮೇಜು ಆ ಸದ್ದನ್ನು ತಮಟೆಯಂತೆ ಜೋರು ಮಾಡುತ್ತದೆ. ಕೆಳಗೊಂದು ದಪ್ಪ ಬಟ್ಟೆಯ ಡೆಸ್ಕ್ ಮ್ಯಾಟ್ ಹಾಸಿದರೆ ಎಷ್ಟೋ ಕಮ್ಮಿ. ಕೊಳ್ಳುವಾಗ ಸ್ಪೇಸ್ ಬಾರ್ ಮತ್ತು ಎಂಟರನ್ನು ಮೂಲೆಯಲ್ಲಿ ಒತ್ತಿ ನೋಡಿ. ಅಗಲದ ಕೀಗಳನ್ನು ಹಿಡಿದಿಡುವ ತಂತಿ ಸಡಿಲವಿದ್ದರೆ ಹಳೇ ಬಸ್ಸಿನ ಕಿಟಕಿಯ ಹಾಗೆ ಗಲಗಲ ಅನ್ನುತ್ತದೆ.

ಈಗ ಕನ್ನಡದ ವಿಷಯ. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ.

ನಮ್ಮ ಡಿಟಿಪಿಯವರು, ಸರ್ಕಾರಿ ಕಚೇರಿಯವರು ಹೆಚ್ಚಾಗಿ ಬಳಸುವುದು ನುಡಿ ಎಂಬ ಕನ್ನಡ ಸಾಫ್ಟ್‌ವೇರಿನ ಕಗಪ, ಅಂದರೆ ಕನ್ನಡ ಗಣಕ ಪರಿಷತ್ತಿನ, ಕೀ ವಿನ್ಯಾಸ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೇ ಅದರ ಮೂಲ. ಅದರಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. ಅಪ್ಪನಿಗೆ ಒಂದು ಎಫ್, ಅಮ್ಮನಿಗೆ ಒಂದು ಎಫ್, ಅಕ್ಕನಿಗೂ ಒಂದು. ದೀರ್ಘ ಬೇಕಾದರೆ ಶಿಫ್ಟ್. 'ಮಾಡಿದ್ದಾರೆ' ಎಂಬ ಒಂದು ಪದ ಹೊಡೆಯಿರಿ: ಹತ್ತು ಕೀ, ಅದರಲ್ಲಿ ಒಂದು ಎಫ್, ಎರಡು ಸಲ ಶಿಫ್ಟ್ ಹಿಡಿದು ಇಂಗ್ಲಿಷಿನ ಎ ಕೀ. ಇಂಗ್ಲಿಷಿನಲ್ಲಿ ವಾಕ್ಯಕ್ಕೊಮ್ಮೆ ಬೇಕಾಗುವ ಶಿಫ್ಟ್ ನಮಗೆ ಹೆಚ್ಚುಕಮ್ಮಿ ಪದಪದಕ್ಕೂ ಬೇಕು. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸ ಬಳಸುವವರಾದರೆ ಎಫ್ ಮಾಡುವ ಕೆಲಸವನ್ನು ಅಲ್ಲಿ ಡಿ ಕೀ ಮಾಡುತ್ತದೆ.

ಆ ಶಿಫ್ಟುಗಳಲ್ಲಿ ಬಲಗಡೆಯದಕ್ಕೇ ಕೆಲಸ ಜಾಸ್ತಿ. ಕ್ರಮವಾಗಿ ಟೈಪಿಂಗ್ ಕಲಿತವರು ಎಡಗೈ ಅಕ್ಷರಕ್ಕೆ ಬಲಗೈ ಶಿಫ್ಟ್ ಹಿಡಿಯುತ್ತಾರೆ. 'ಆ', 'ಏ', 'ಶ' ಮೂರೂ ಎಡಗೈ ಕಡೆಯವು. 'ದೇಶ' ಅಂತ ಹೊಡೆದರೆ ಎರಡು ಸಲ ಬಲ ಶಿಫ್ಟ್ ಬಂತು. ಈಗ ಮುದ್ದಾಗಿ ಕಾಣುವ ಪುಟ್ಟ ಕೀಬೋರ್ಡುಗಳು ಸಿಗುತ್ತವಲ್ಲ, ಅವುಗಳಲ್ಲಿ ಬಾಣದ ಕೀಗಳಿಗೆ ಜಾಗ ಮಾಡಲು ಬಲ ಶಿಫ್ಟನ್ನೇ ಕತ್ತರಿಸಿ ಅದರ ಪಕ್ಕದಲ್ಲಿ ಮೇಲ್ಬಾಣ ಕೂರಿಸಿರುತ್ತಾರೆ. ಕಿರುಬೆರಳು ಅಭ್ಯಾಸದಂತೆ ಹೋಗಿ ಬೀಳುವುದು ಬಾಣದ ಮೇಲೆ. ಕರ್ಸರ್ ಒಂದು ಸಾಲು ಮೇಲಕ್ಕೆ ಹಾರುತ್ತದೆ. ಶಿಫ್ಟ್ ಇಲ್ಲದ ಎ ಅಲ್ಲಿ ಬಿದ್ದು, ಮೇಲಿನ ಸಾಲಿನ ಯಾವುದೋ ಪದದ ಹೊಟ್ಟೆಯಲ್ಲಿ ಒಂದು 'ಅ' ಕೂರುತ್ತದೆ. ದುರ್ಗಿಗುಡಿ ಕಡೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಅಕ್ಕ ಒಬ್ಬರಿದ್ದಾರೆ. ಅವರ ಮಗ ಆಸೆಯಿಂದ ಇಂಥದ್ದೊಂದು ತಂದುಕೊಟ್ಟಿದ್ದ. ಒಂದು ಮದುವೆ ಕರೆಯೋಲೆಯಲ್ಲಿ ವರನ ಹೆಸರಿನ ನಡುವೆ 'ಅ' ಸೇರಿಕೊಂಡು, ಪ್ರೂಫ್ ನೋಡಿದವರ ಕಣ್ಣಿಗೂ ತಪ್ಪಿ, 300 ಕಾರ್ಡ್ ಅಚ್ಚಾಗಿಬಿಟ್ಟಿತ್ತು. ನನ್ನನ್ನು ಕರೆಸಿದ್ದು ಅದಾದ ಮೇಲೆ.

ಕನ್ನಡ ಟೈಪ್ ಮಾಡುವವರಿಗೆ ನನ್ನದು ಒಂದೇ ಮಾತು. ಎರಡೂ ಶಿಫ್ಟ್ ಉದ್ದಕ್ಕಿರಬೇಕು. 104 ಕೀಗಳ ಪೂರ್ತಿ ಕೀಬೋರ್ಡ್ ಅಥವಾ ನಂಬರ್ ಪ್ಯಾಡ್ ಮಾತ್ರ ಇಲ್ಲದ 87 ಕೀಗಳದ್ದು, ಎರಡರಲ್ಲಿ ಒಂದು. ವಿದೇಶದಿಂದ ನೆಂಟರು ತಂದುಕೊಟ್ಟ ಯುರೋಪ್ ಮಾದರಿಯದಾದರೆ ಎಡ ಶಿಫ್ಟ್ ಗಿಡ್ಡ ಇರುತ್ತದೆ, ಅದೂ ಬೇಡ. ಕೀ ಮೇಲೆ ಕನ್ನಡ ಅಕ್ಷರ ಇದೆಯಾ ಇಲ್ಲವಾ ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಯಾವ ಕೀಗೆ ಯಾವ ಅಕ್ಷರ ಅಂತ ತೀರ್ಮಾನಿಸುವುದು ಸಾಫ್ಟ್‌ವೇರ್.

ಲೆಕ್ಕದವರಿಗೆ ನಂಬರ್ ಪ್ಯಾಡ್ ಬೇಕೇ ಬೇಕು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಪೇಮೆಂಟಿಗೆ ಎಫ್5, ರಸೀದಿಗೆ ಎಫ್6, ಜರ್ನಲಿಗೆ ಎಫ್7. ಮೇಲಿನ ಎಫ್ ಸಾಲೇ ಇಲ್ಲದ 61 ಕೀಗಳ ಕೀಬೋರ್ಡಿನಲ್ಲಿ ಒಂದೊಂದು ವೋಚರಿಗೂ ಎರಡೆರಡು ಕೀ ಅದುಮಬೇಕು. ಆದರೆ ಪೂರ್ತಿ ಕೀಬೋರ್ಡಿನ ತೊಂದರೆಯೂ ಗೊತ್ತಿರಲಿ, ನಂಬರ್ ಪ್ಯಾಡ್ ಮೌಸನ್ನು ಆಚೆಗೆ ತಳ್ಳುತ್ತದೆ. ದಿನವಿಡೀ ಬಲಗೈ ಚಾಚಿ ಭುಜ ನೋಯುವವರಿಗೆ ನಾನು 87ರದ್ದನ್ನೂ ಪ್ರತ್ಯೇಕ ನಂಬರ್ ಪ್ಯಾಡನ್ನೂ ಕೊಡಿಸಿ, ಪ್ಯಾಡನ್ನು ಎಡಗಡೆ ಇಡಿಸುತ್ತೇನೆ. ಮೊದಲ ವಾರ ಬೈಯುತ್ತಾರೆ.

ನೋವಿನ ಮಾತು ಬಂತು. ಮೆಕ್ಯಾನಿಕಲ್ ತಗೊಂಡರೆ ಕೈನೋವು ಹೋಗುತ್ತದೆ ಅಂತ ನಂಬಿ ಬರುವವರಿದ್ದಾರೆ. ಹಾಗೇನಿಲ್ಲ. ಇವು ಮಾಮೂಲಿ ಕೀಬೋರ್ಡಿಗಿಂತ ಎತ್ತರ, ಮಣಿಕಟ್ಟು ಮೇಲಕ್ಕೆ ಮುರಿದ ಹಾಗೆ ನಿಂತರೆ ನೋವು ಜಾಸ್ತಿಯೇ ಆದೀತು. ಹಿಂದಿನ ಎರಡು ಕಾಲು ಮಡಚಿಡಿ. ಕುರ್ಚಿ ಏರಿಸಿ, ಪಾದ ನೆಲಕ್ಕೆ ತಾಗದಿದ್ದರೆ ಕೆಳಗೊಂದು ಮಣೆ ಹಾಕಿಕೊಳ್ಳಿ. ಮುಂದೆ ಅಂಗೈಗೆ ಮರದ ಪಟ್ಟಿ ಸಿಗುತ್ತದೆ, ಮಡಚಿದ ಟವೆಲ್ಲೂ ನಡೆಯುತ್ತದೆ. ಬೆರಳು ಜೋಮು ಹಿಡಿಯುತ್ತಿದ್ದರೆ ನನ್ನ ಅಂಗಡಿಗಲ್ಲ, ಡಾಕ್ಟರ ಹತ್ತಿರ ಹೋಗಿ.

ವೈರ್‌ಲೆಸ್, ಬಣ್ಣಬಣ್ಣದ ದೀಪ, ಇವೆಲ್ಲ ನಿಮ್ಮಿಷ್ಟ. ಒಂದೇ ಮೇಜಿನ ಮೇಲೆ ವರ್ಷಗಟ್ಟಲೆ ಇರುವ ಕೀಬೋರ್ಡಿಗೆ ವೈರೇ ನೆಮ್ಮದಿ.

ಹಾಗಾದರೆ 500ರ ಕಡೆ 3,000 ಯಾಕೆ ಕೊಡಬೇಕು? ನನ್ನ ಉತ್ತರ ರಿಪೇರಿಯವನ ಉತ್ತರ. ಚೆರ್ರಿಯವರು ಬ್ಲೂ ಸ್ವಿಚ್ಚಿಗೆ 5 ಕೋಟಿ ಒತ್ತು, ರೆಡ್, ಬ್ರೌನಿಗೆ 10 ಕೋಟಿ ಅನ್ನುತ್ತಾರೆ. ದಿನಕ್ಕೆ 4,000 ಸಲ ಎಫ್ ಒತ್ತಿದರೆ, 300 ದಿನಕ್ಕೆ 12 ಲಕ್ಷ. 5 ಕೋಟಿ ಮುಗಿಯಲು 40 ವರ್ಷ ದಾಟಬೇಕು. ಅಲ್ಲಿಯವರೆಗೆ ಕಂಪ್ಯೂಟರೇ ಇರುವುದಿಲ್ಲ. ನಿಜವಾಗಿ ಕೆಡುವುದು ಬೇರೆ ರೀತಿ. ಮಳೆಗಾಲದ ತೇವ, ಧೂಳು ಸೇರಿ ಲೋಹದ ಎಲೆ ಮಂಕಾಗುತ್ತದೆ. ಎಲೆಗಳು ತಾಗುವಾಗ ಒಂದು ಕ್ಷಣ ಅದುರುತ್ತವೆ. ಆ ಅದುರು ನಿಲ್ಲಲಿ ಅಂತ ಕೀಬೋರ್ಡ್ ಕೆಲವು ಮಿಲಿಸೆಕೆಂಡ್ ಕಾಯುತ್ತದೆ. ಎಲೆ ಕೊಳಕಾದಾಗ ಅದುರು ಜಾಸ್ತಿ ಹೊತ್ತು ಇರುತ್ತದೆ, ಒಂದು ಸಲ ಒತ್ತಿದರೆ 'ಕಕ' ಅಂತ ಎರಡು ಬೀಳುತ್ತದೆ. ಆಗ ಆ ಒಂದು ಸ್ವಿಚ್ ಬದಲಿಸಿದರೆ ಮುಗಿಯಿತು. ಹಾಟ್‌ಸ್ವಾಪ್ ಅಂತ ಬರೆದಿದ್ದರೆ ಬೆಸುಗೆಯೂ ಬೇಡ, ಚಿಮಟದಲ್ಲಿ ಕಿತ್ತು ಇನ್ನೊಂದು ಚುಚ್ಚಿದರೆ ಸರಿ. ಕಚೇರಿಗಾದರೆ ಹಾಟ್‌ಸ್ವಾಪ್ ಇರುವುದನ್ನೇ ತಗೊಳ್ಳಿ. ಅಟ್ಟದ ಮೇಲೆ ಆರು ಕೀಬೋರ್ಡ್ ಇಟ್ಟುಕೊಂಡಿದ್ದವನ ಮಾತಿದು.

ಚಹಾ ಚೆಲ್ಲಿದರೆ ಮಾತ್ರ ಯಾವ ಸ್ವಿಚ್ಚೂ ಕಾಪಾಡುವುದಿಲ್ಲ. ಎಷ್ಟೋ ಮಾಮೂಲಿ ಕೀಬೋರ್ಡಿಗೆ ನೀರು ಇಳಿದುಹೋಗಲು ತೂತಾದರೂ ಇರುತ್ತದೆ. ಇದರಲ್ಲಿ ಸಕ್ಕರೆ ನೇರ ಸ್ವಿಚ್ಚಿನೊಳಗೆ ಇಳಿದು ಅಂಟಾಗುತ್ತದೆ. ತಕ್ಷಣ ವೈರ್ ಕಿತ್ತು ಬೋರಲು ಹಾಕಿ. ಹೇರ್ ಡ್ರೈಯರ್ ಹಿಡಿದು ಕೀಗಳನ್ನು ಬಗ್ಗಿಸಿಕೊಂಡು ತರಬೇಡಿ.

ಸ್ವಿಚ್ಚಿನ ಮೇಲೆ ಕೂರುವ ಕೀ ಟೋಪಿಗಳು ಪಿಬಿಟಿ ಪ್ಲಾಸ್ಟಿಕ್ಕಿನವಾದರೆ ಒರಟಾಗಿ ಬಹಳ ವರ್ಷ ಇರುತ್ತವೆ. ಎಬಿಎಸ್ ಆದರೆ ಬೇಗ ಮಿಂಚುತ್ತವೆ, ನಾನು ಮೊದಲು ಹೇಳಿದ ಎಣ್ಣೆ ಹಚ್ಚಿದ ಹೊಳಪು ಅದರದ್ದೇ. ಪ್ರೆಸ್ಸಿನ ಅಕ್ಕನಿಗೆ ನಾನು ಕೊಡಿಸಿದ್ದು 104 ಕೀಗಳ ಬ್ರೌನ್, ಎಬಿಎಸ್ ಟೋಪಿ. ಬಜೆಟ್ ಅಷ್ಟೇ ಇತ್ತು. ಎರಡನೇ ವರ್ಷಕ್ಕೆ ಎಫ್ ಮೇಲಿನ ಗುರುತಿನ ಗೆರೆ ಸವೆದು ಬೆರಳಿಗೆ ಜಾಗ ಸಿಗದ ಹಾಗಾಯಿತು. ಸಾಲು ಸಾಲಿಗೆ ಟೋಪಿಯ ಇಳಿಜಾರು ಬೇರೆ, ಹಾಗಾಗಿ ಅದೇ ಸಾಲಿನದೇ ಬೇಕು, ಗೆರೆಯೂ ಇರಬೇಕು. ಅಂಥ ಅಕ್ಷರದ ಕೀ ಆ ಕೀಬೋರ್ಡಿನಲ್ಲಿ ಇನ್ನೊಂದೇ ಇರುವುದು: ಜೆ. ಎರಡನ್ನೂ ಅದಲುಬದಲು ಮಾಡಿ ಕೂರಿಸಿದೆ. ಅಕ್ಕ ಕೀ ನೋಡಿ ಟೈಪ್ ಮಾಡುವವರೇ ಅಲ್ಲ, ಏನೂ ವ್ಯತ್ಯಾಸವಾಗಲಿಲ್ಲ.

ವಾರದ ಮೇಲೆ ಅವರ ಮಗನ ಫೋನು. "ಅಣ್ಣಾ, ಅಮ್ಮನ ಕಂಪ್ಯೂಟರಲ್ಲಿ ನನ್ನ ಪಾಸ್‌ವರ್ಡ್ ತಗೊಳ್ತಾನೇ ಇಲ್ಲ, ಮೂರು ಸಲ ಲಾಕ್ ಆಯ್ತು."

"ನಿನ್ನ ಪಾಸ್‌ವರ್ಡಲ್ಲಿ ಜೆ ಇದೆಯೇನೋ?" ಅಂದೆ.

"ನಿಮಗೆ ಹೇಗೆ ಗೊತ್ತಾಯ್ತು?" ಅಂದ.