ಸಾಲ್ಮನ್ ಮೊಟ್ಟೆಗೂ ಮಿಡಿ ಉಪ್ಪಿನಕಾಯಿಗೂ ಒಂದೇ ಲೆಕ್ಕ

ಅಕ್ಕನ ಮಗ ಅಮೆರಿಕದ ಆರೆಗಾನ್‌ನಲ್ಲಿದ್ದಾನೆ. ಒಂದು ದಿನ ಅಡುಗೆಮನೆಯಿಂದಲೇ ವಿಡಿಯೋ ಕಾಲ್ ಮಾಡಿದ. ಕೈಗೆ ಗ್ಲೌಸ್, ಮುಂದೆ ಒಂದು ಬೋಗುಣಿ, ಅದರ ತುಂಬ ಕೆಂಪು ಮಣಿಗಳ ಗೊಂಚಲು. ಅಕ್ಕ ಇಣುಕಿ ನೋಡಿ "ದಾಳಿಂಬೆಯಾ ಮಗಾ?" ಎಂದಳು. ಅದು ಸಾಲ್ಮನ್ ಮೀನಿನ ಮೊಟ್ಟೆ. ಉಪ್ಪು, ಸಕ್ಕರೆ ಹಾಕಿ ಹದ ಮಾಡಿ, ಗಾಳಕ್ಕೆ ಕಟ್ಟಿ, ಅದರಿಂದ ಇನ್ನೊಂದು ಸಾಲ್ಮನ್ ಹಿಡಿಯುತ್ತಾನಂತೆ.

"ಇದರ ಪಾಕ ಯಾರೂ ಹೇಳಿಕೊಡುವುದಿಲ್ಲ ಮಾವ. ಇಲ್ಲಿನವರ ದೊಡ್ಡ ಗುಟ್ಟು" ಎಂದ.

ಗುಟ್ಟು ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೊಳೆಗೆ ಹೊರಟವನನ್ನು "ಎಲ್ಲಿಗೆ?" ಎಂದು ಕೇಳಿದರೆ ಮೀನು ಸಿಗುವುದಿಲ್ಲ ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅಲ್ಲಿಯವರು ಏನೂ ಕಡಿಮೆಯಿಲ್ಲ. ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಅಪಶಕುನವಂತೆ! ಮನೆಯ ಸುತ್ತ ನೇಂದ್ರ, ಕದಳಿ ಬೆಳೆಸುವ ನಾವು ಈ ಲೆಕ್ಕದಲ್ಲಿ ಚಂದ್ರಗಿರಿ ಹೊಳೆಯಲ್ಲಿ ಒಂದು ಮೀನನ್ನೂ ಕಂಡಿರಬಾರದಿತ್ತು. ಮೊಟ್ಟೆ ಹದ ಮಾಡುವ ಗುಟ್ಟು ನನ್ನ ಅಕ್ಕನಿಗೆ ಮೊದಲೇ ಗೊತ್ತು. ಪ್ರತಿ ವರ್ಷ ಮಾವಿನ ಮಿಡಿ ಉಪ್ಪಿಗೆ ಹಾಕುವಾಗ ಅವಳು ಮಾಡುವುದು ಅದನ್ನೇ.

ಮಿಡಿಗೆ ಹೋಗುವ ಮೊದಲು ಒಂದು ಮಾತು. ನಮ್ಮ ಮೀನು ಮಾರ್ಕೆಟ್ಟಿನಲ್ಲಿ 'ಇಂಡಿಯನ್ ಸಾಲ್ಮನ್' ಎಂದು ಕೊಡುವುದು ರಾವಸ್. ರುಚಿಯಾದ ಮೀನೇ, ಆದರೆ ಸಾಲ್ಮನ್‌ಗೆ ದೂರದ ನೆಂಟನೂ ಅಲ್ಲ. ನಿಜವಾದ ಸಾಲ್ಮನ್ ತಣ್ಣೀರಿನ ಮೀನು. ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ವಾಪಸು ಬರುತ್ತದೆ. ಉತ್ತರ ಅಮೆರಿಕದ ಯೂಕಾನ್ ನದಿಯ ಚಿನೂಕ್ ಎಂಬ ಜಾತಿಯ ಸಾಲ್ಮನ್‌ಗಳಲ್ಲಿ ಕೆಲವು 3000 ಕಿಲೋಮೀಟರಿಗಿಂತ ಜಾಸ್ತಿ ದೂರ ಹೊಳೆ ಏರುತ್ತವೆ. ಅಷ್ಟು ದೂರವೂ ಉಪವಾಸ! ಹೊಳೆಗೆ ಬಂದ ಮೇಲೆ ಅವು ಊಟ ಬಿಡುತ್ತವೆ, ಹೊಟ್ಟೆಯ ಚೀಲ ಕುಗ್ಗುತ್ತದೆ, ಮೈಯ ಕೊಬ್ಬನ್ನೇ ಸುಟ್ಟುಕೊಂಡು ಈಜುತ್ತವೆ. ಶಾಂತಸಾಗರದ ಚಿನೂಕ್, ಕೋಹೋ ಮೊದಲಾದವು ಮೊಟ್ಟೆ ಇಟ್ಟ ಮೇಲೆ ಸಾಯುತ್ತವೆ.

ಹಸಿವೇ ಇಲ್ಲದ ಮೀನು ಎರೆ ಯಾಕೆ ಕಚ್ಚಬೇಕು? ಅದಕ್ಕೆ ಹಸಿವು ಹೋಗಿದೆ, ಮೂಗು ಹೋಗಿಲ್ಲ. ಹುಟ್ಟಿದ ಹೊಳೆಯನ್ನು ಅದು ಹುಡುಕುವುದೇ ವಾಸನೆಯಿಂದ. ಇದನ್ನು ತೋರಿಸಿದ್ದು ಆರ್ಥರ್ ಹ್ಯಾಸ್ಲರ್ ಎಂಬ ಅಮೆರಿಕದ ವಿಜ್ಞಾನಿ. ಒಮ್ಮೆ ಅವರು ತಮ್ಮ ಬಾಲ್ಯದ ಊರಿನ ಬೆಟ್ಟ ಹತ್ತುತ್ತಿದ್ದರು. ಜಲಪಾತ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಅಲ್ಲಿನ ಪಾಚಿ, ಗಿಡಗಳ ವಾಸನೆ ಗಾಳಿಯಲ್ಲಿ ಬಂತು. ಮರೆತೇಹೋಗಿದ್ದ ಹುಡುಗಾಟದ ದಿನಗಳೆಲ್ಲ ಒಟ್ಟಿಗೆ ನೆನಪಾದವು. ಮೀನಿಗೂ ಹೀಗೇ ಆಗುತ್ತದೆಯೋ ಎಂದು ಯೋಚಿಸಿದರು. ಆಮೇಲೆ ಅವರೂ ಶಿಷ್ಯ ವಾರೆನ್ ವಿಸ್ಬಿಯೂ ವಾಷಿಂಗ್ಟನ್ ರಾಜ್ಯದ ಇಸಕ್ವಾ ತೊರೆಯಲ್ಲಿ ಕೋಹೋ ಮೀನುಗಳ ಮೂಗಿಗೆ ಹತ್ತಿ ತುರುಕಿ ಬಿಟ್ಟರು. ಮೂಗು ಮುಚ್ಚಿದವು ದಾರಿ ತಪ್ಪಿದವು. ಮೂಗು ತೆರೆದಿದ್ದವು ಸರಿಯಾದ ಕವಲಿಗೆ ತಿರುಗಿದವು. 1954ರಲ್ಲಿ ಇದು ಪ್ರಕಟವಾಯಿತು.

ಅದೇ ಕಾಲದಲ್ಲಿ ಕೆನಡಾದಲ್ಲಿ ಇನ್ನೊಂದು ತಮಾಷೆ ಗೊತ್ತಾಯಿತು. ಮನುಷ್ಯ ಕೈ ತೊಳೆದ ನೀರನ್ನು ಹೊಳೆಗೆ ಬಿಟ್ಟರೆ ಮೇಲೇರುತ್ತಿದ್ದ ಸಾಲ್ಮನ್‌ಗಳು ಗಾಬರಿಯಾಗಿ ನಿಲ್ಲುತ್ತಿದ್ದವು. ನಮ್ಮ ಚರ್ಮದಲ್ಲಿರುವ ಸೆರಿನ್ ಎಂಬ ಅಮೈನೋ ಆಮ್ಲ ಅದಕ್ಕೆ ಕಾರಣ ಎಂದು 1956ರಲ್ಲಿ ಬರೆದರು. ಕರಡಿಯ ಪಾದದ ವಾಸನೆಯೂ ಮೀನಿಗೆ ಹಾಗೇ. ಅಳಿಯನ ಗ್ಲೌಸ್ ಅದಕ್ಕೇ. ಅದು ಮಡಿಯಲ್ಲ, ರಸಾಯನಶಾಸ್ತ್ರ.

ಅಂದರೆ ಹೊಳೆ ಏರುವ ಸಾಲ್ಮನ್ ವಾಸನೆಯ ದಾರ ಹಿಡಿದು ನಡೆಯುವ ಯಾತ್ರಿಕ. ಮರಿಯಾಗಿದ್ದಾಗ ತೇಲಿ ಬಂದ ಮೊಟ್ಟೆಗಳನ್ನು ಅದು ತಿಂದಿತ್ತು. ಆ ವಾಸನೆ ಮತ್ತೆ ಮೂಗಿನ ಮುಂದೆ ಸುಳಿದರೆ ಬಾಯಿ ತನ್ನಷ್ಟಕ್ಕೆ ತೆರೆಯುತ್ತದೆ ಎಂಬುದು ಒಂದು ಊಹೆ. ಮೀನಿಗೆ ಕೈ ಇಲ್ಲ, ಅಲ್ವಾ? ಮುಟ್ಟಿ ನೋಡಬೇಕಾದರೂ ಬಾಯಿಯೇ ಬೇಕು. ಗಾಳ ಹಾಕುವವನಿಗೆ ಅಷ್ಟೇ ಸಾಕು.

ಈಗ ಮಿಡಿ. ಭರಣಿಯಲ್ಲಿ ಮಿಡಿ, ಕಲ್ಲುಪ್ಪು ಪದರ ಪದರ ಹಾಕಿಟ್ಟರೆ ಒಂದು ಹನಿ ನೀರು ಸೇರಿಸದಿದ್ದರೂ ಕೆಲವು ದಿನಕ್ಕೆ ಮಿಡಿ ನೀರಲ್ಲಿ ತೇಲುತ್ತದೆ. ಆ ನೀರು ಮಿಡಿಯದ್ದೇ. ಮಿಡಿ ಚಿರುಟಿರುತ್ತದೆ. ಹಾಗಲಕಾಯಿ ಹೋಳಿಗೆ ಉಪ್ಪು ಬೆರೆಸಿ ಹಿಂಡುವಾಗ ಆಗುವುದೂ ಇದೇ. ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹರಿಯುತ್ತದೆ.

ಸಾಲ್ಮನ್ ಮೊಟ್ಟೆಯ ಗೊಂಚಲಿಗೆ ಉಪ್ಪು, ಸಕ್ಕರೆ ಉದುರಿಸಿದರೆ ಗಂಟೆಯೊಳಗೆ ಅದೂ ನೀರು ಬಿಡುತ್ತದೆ. ಡಬ್ಬಿಯ ತಳದಲ್ಲಿ ಕೆಂಪು ರಸ ನಿಲ್ಲುತ್ತದೆ. ಮಣಿಗಳು ಮೆತ್ತಗಾಗಿ ಬಾಡುತ್ತವೆ. ಹೊಸಬರು ಇಲ್ಲಿ ಹೆದರಿ ರಸ ಚೆಲ್ಲಿಬಿಡುತ್ತಾರೆ. ಚೆಲ್ಲಬಾರದು. ಡಬ್ಬಿಯನ್ನು ಆಗಾಗ ಮಗುಚಿ ಫ್ರಿಜ್ಜಿನಲ್ಲಿ ಇಟ್ಟರೆ ಒಂದೆರಡು ದಿನದಲ್ಲಿ ಆ ರಸ ಹೆಚ್ಚಿನಂಶ ವಾಪಸು ಒಳಗೆ ಹೋಗಿರುತ್ತದೆ. ಮಣಿಗಳು ಮತ್ತೆ ದುಂಡಗೆ ಉಬ್ಬಿರುತ್ತವೆ. ಮಿಡಿ ಮಾಡದ ಕೆಲಸ ಇದು.

ಯಾಕೆ? ಕರ್ನಾಟಕ, ಕೇರಳದ ನಡುವಿನ ತಲಪಾಡಿ ಗಡಿಯನ್ನು ನೆನಪಿಸಿಕೊಳ್ಳಿ. ಮೊಟ್ಟೆಯ ಪೊರೆ ಆ ಗಡಿ ಎಂದಿಟ್ಟುಕೊಳ್ಳಿ. ನೀರು ಎಂದರೆ ಸೈಕಲ್ಲಿನಲ್ಲಿ ಹೋಗುವವರು, ಯಾರೂ ತಡೆಯುವುದಿಲ್ಲ. ಉಪ್ಪು, ಸಕ್ಕರೆ ಎಂದರೆ ಲಾರಿಗಳು. ಅವೂ ದಾಟುತ್ತವೆ, ಆದರೆ ಕಾದು ಕಾದು, ಒಂದೊಂದಾಗಿ. ಮೊಟ್ಟೆಯೊಳಗಿನ ಪ್ರೋಟೀನು ಎಂದರೆ ತೇರು, ಗೇಟಿನಲ್ಲಿ ಹಿಡಿಸುವುದೇ ಇಲ್ಲ. ಮೊದಲ ಗಂಟೆಯಲ್ಲಿ ಸೈಕಲ್ಲುಗಳು ಹೊರಗೆ ಓಡಿದವು. ನಿಧಾನವಾಗಿ ಲಾರಿಗಳು ಒಳಗೆ ಬಂದವು. ಈಗ ಎರಡೂ ಕಡೆ ಲಾರಿ ಸರಿಸಮ. ಒಳಗೆ ಮಾತ್ರ ತೇರುಗಳು ಉಳಿದಿವೆ. ಸೈಕಲ್ಲುಗಳು ತೇರು ನೋಡಲು ವಾಪಸು ಬರುತ್ತವೆ. ಉಪಮೆ ಜಾಸ್ತಿಯಾಯಿತು ಎನ್ನುತ್ತೀರಾ? ಹಾಗಾದರೆ ಒಂದೇ ಮಾತು: ಉಪ್ಪು ಸೇರಿದ ಮೇಲೆ ಪ್ರೋಟೀನು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನು ಮುಂದಿನದು. ಸಾಲ್ಮನ್ ಮೊಟ್ಟೆಯ ಒಳಗಿನ ಪ್ರೋಟೀನುಗಳಲ್ಲಿ ಗ್ಲಾಬ್ಯುಲಿನ್ ಎಂಬ ಜಾತಿಯದ್ದು ಜಾಸ್ತಿ. ಉಪ್ಪುನೀರಿನಲ್ಲಿ ಅದು ಕರಗಿ ತಿಳಿಯಾಗಿರುತ್ತದೆ. ಸಿಹಿನೀರು ತಾಗಿತೋ, ಒಡೆದ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮೀನುಮರಿ ಕೇಂದ್ರದವರಿಗೆ ಇದು ಚೆನ್ನಾಗಿ ಗೊತ್ತು. ಒಡೆದ ಮೊಟ್ಟೆಯ ಬಿಳಿ ಗಸಿ ಉಳಿದ ಮೊಟ್ಟೆಗಳಿಗೆ ಅಂಟದಿರಲಿ ಎಂದು ಅವರು ಉಪ್ಪುನೀರಿನಲ್ಲಿ ತೊಳೆಯುತ್ತಾರೆ. ಗಾಳ ಹಾಕುವವನಿಗೆ ಬೇಕಾದ್ದು ಇದರ ಉಲ್ಟಾ. ಉಪ್ಪು ಕುಡಿದು ಉಬ್ಬಿದ ಮೊಟ್ಟೆ ಹೊಳೆಯ ಸಿಹಿನೀರಿಗೆ ಬಿದ್ದಾಗ ಈ ಸಲ ನೀರು ಒಳಗೆ ನುಗ್ಗುತ್ತದೆ, ರಸ ಸ್ವಲ್ಪ ಸ್ವಲ್ಪವೇ ಹೊರಗೆ ಜಿನುಗುತ್ತದೆ. ಜಿನುಗಿದ್ದು ಬಿಳಿ ಮೋಡವಾಗಿ ಹರಿವಿನ ಜೊತೆ ಇಳಿಯುತ್ತದೆ. ಅಗರಬತ್ತಿಯ ಹೊಗೆಯ ಎಳೆಯ ಹಾಗೆ. ಕೆಳಗೆ ಕಾದಿರುವ ಮೀನಿಗೆ ಆ ಎಳೆ ದಾರಿ ತೋರಿಸುತ್ತದೆ. ಹದ ಮಾಡದ ಮೊಟ್ಟೆ ಮೆತ್ತಗಿರುತ್ತದೆ, ಗಾಳದಲ್ಲಿ ನಿಲ್ಲುವುದೇ ಇಲ್ಲ. ಒಣಗಿ ಕಲ್ಲಾದದ್ದು ರಸ ಬಿಡುವುದಿಲ್ಲ. ಇವೆರಡರ ನಡುವೆ ನಿಲ್ಲಿಸುವುದಕ್ಕೆ ಹದ ಎನ್ನುತ್ತಾರೆ.

ಉಳಿದದ್ದೆಲ್ಲ ಅಚ್ಚುಕಟ್ಟು ಕೆಲಸ. ಹಿಡಿದ ಹೆಣ್ಣು ಮೀನಿನ ಕಿವಿರು ಕೂಡಲೇ ಕೊಯ್ದು ರಕ್ತ ಇಳಿಸಬೇಕು. ಗೊಂಚಲಿನ ನರಗಳಲ್ಲಿ ಉಳಿದ ರಕ್ತವನ್ನು ಚಮಚದ ಬೆನ್ನಿನಿಂದ ಒತ್ತಿ ತೆಗೆಯಬೇಕು. ಕೊಳೆಯಲು ಶುರುವಾಗುವುದೇ ಅಲ್ಲಿಂದ. ಹೊಳೆ ನೀರಿನಲ್ಲಿ ತೊಳೆಯಲೇಬಾರದು, ಯಾಕೆಂದು ಈಗ ನಿಮಗೇ ಗೊತ್ತು. ಮೊಟ್ಟೆಯ ಕೆಂಪಿಗೆ ಕಾರಣ ಅಸ್ಟಾಕ್ಸಾಂಥಿನ್ ಎಂಬ ಬಣ್ಣದ ವಸ್ತು. ಬೆಂದ ಸಿಗಡಿಯ ಕೆಂಪೂ ಅದೇ. ಸಾಲದ್ದಕ್ಕೆ ಅವರು ಬಣ್ಣದ ಪುಡಿಯನ್ನೂ ಹಾಕುತ್ತಾರೆ.

ಉಪ್ಪು, ಸಕ್ಕರೆಯ ಜೊತೆ ಹಾಕುವ ಇನ್ನೊಂದು ಪುಡಿ ಬೋರಾಕ್ಸ್. ಅಳಿಯ ಅದನ್ನು ಏನೋ ಅಮೆರಿಕದ ಮದ್ದು ಎಂಬಂತೆ ಹೇಳಿದ. ಅದು ನಮ್ಮ ಬಿಳಿಗಾರ! ಅಕ್ಕಸಾಲಿಗರು ಬೆಸುಗೆಗೆ ಬಳಸುವುದು. ಸಂಸ್ಕೃತದಲ್ಲಿ ಟಂಕಣ. ಶತಮಾನಗಳ ಕಾಲ ಟಿಬೆಟ್ಟಿನ ಸರೋವರಗಳಿಂದ ಹಿಮಾಲಯ ದಾಟಿ ಅದು ಲೋಕಕ್ಕೆಲ್ಲ ಹೋಗುತ್ತಿತ್ತು. ಗಣಿಯವರು ಇಂದಿಗೂ ಕಚ್ಚಾ ಬೋರಾಕ್ಸನ್ನು ಟಿಂಕಲ್ ಎನ್ನುತ್ತಾರೆ. ಟಂಕಣವೇ ಊರೂರು ಸುತ್ತಿ ಹಾಗಾದದ್ದು. ಆಮೇಲೆ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಸಿಕ್ಕಿತು. 1883ರಿಂದ ಕೆಲವು ವರ್ಷ ಇಪ್ಪತ್ತು ಪ್ರಾಣಿಗಳನ್ನು ಕಟ್ಟಿದ ಹೇಸರಗತ್ತೆ ಗಾಡಿಗಳಲ್ಲಿ ಮರುಭೂಮಿಯಿಂದ ಅದನ್ನು ಸಾಗಿಸಿದರು. ಮೊಟ್ಟೆಯಲ್ಲಿ ಅದರ ಕೆಲಸ ಎರಡು: ಪೊರೆಯನ್ನು ಗಟ್ಟಿ ಮಾಡುತ್ತದೆ, ಕೊಳೆಸುವ ಬ್ಯಾಕ್ಟೀರಿಯಾಗಳನ್ನು ಹತ್ತಿರ ಸೇರಿಸುವುದಿಲ್ಲ.

ಕಿರಿಕಿರಿ ಇರುವುದು ಸೋಡಿಯಂ ಸಲ್ಫೈಟಿನಲ್ಲಿ. ಮೊಟ್ಟೆ ಕಪ್ಪಾಗದೆ ಬಣ್ಣ ಉಳಿಯಲಿ ಎಂದು ಅಂಗಡಿಯ ಪುಡಿಗಳಲ್ಲಿ ಅದನ್ನು ಸೇರಿಸುತ್ತಾರೆ. ಬೆಲ್ಲ ಬೆಳ್ಳಗಾಗಲಿ ಎಂದು ನಮ್ಮವರು ಹೈಡ್ರೋಸ್ ಹಾಕುತ್ತಾರಲ್ಲ, ಅದರ ದಾಯಾದಿ. ಗಾಳದಿಂದ ಕಳಚಿದ ಮೊಟ್ಟೆಯನ್ನು ತಿನ್ನುವುದು ಹೊಳೆಯ ಸಾಲ್ಮನ್ ಮರಿಗಳು. ಹೀಗೆ ಹದ ಮಾಡಿದ ಮೊಟ್ಟೆ ತಿಂದ ಮರಿಗಳಲ್ಲಿ ಕೆಲವು ಸಾಯುತ್ತವೆ, ಅದಕ್ಕೆ ಕಾರಣ ಈ ಸಲ್ಫೈಟ್ ಎಂದು ಆರೆಗಾನ್‌ನ ಸಂಶೋಧಕರೇ ಕಂಡುಕೊಂಡರು. ನಾಳಿನ ಮೀನನ್ನು ಇಂದಿನ ಎರೆಯೇ ಕೊಂದ ಹಾಗೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಂತೂ ಸಾಲ್ಮನ್, ಟ್ರೌಟ್ ಹಿಡಿಯಲು ಮೀನಿನ ಮೊಟ್ಟೆ ಬಳಸುವುದಕ್ಕೇ 1975ರ ಕಾಯಿದೆಯ ತಡೆ ಇದೆ. ಮೊದಲ ಮಳೆಗೆ ಹೊಸನೀರು ಏರುವ ಮೀನನ್ನು ಹಿಡಿಯಬಾರದೆಂದು ನಮ್ಮ ಕೇರಳದಲ್ಲೂ ಕಾನೂನಿದೆ. ಪಾಲಿಸುವವರು ಎಷ್ಟು ಎಂದು ಕೇಳಬೇಡಿ.

ಸಲ್ಫೈಟ್ ಬಿಡು, ಉಪ್ಪು, ಸಕ್ಕರೆ, ಬಿಳಿಗಾರ ಸಾಕು ಎಂದೆ. ಒಪ್ಪಿದ. ಇನ್ನೊಂದು ಕೆಲಸವನ್ನೂ ಮಾಡಿಸಿದೆ. ಅವನ ಫ್ರಿಜ್ಜಿನಲ್ಲಿ ಅಕ್ಕ ಕಳಿಸಿದ ಮಿಡಿ ಉಪ್ಪಿನಕಾಯಿಯ ಬಾಟಲಿ ಇದೆ. ಅದರ ಪಕ್ಕದಲ್ಲೇ ಮೊಟ್ಟೆಯ ಬಾಟಲಿ. ಎರಡೂ ಕೆಂಪು, ಎರಡರಲ್ಲೂ ರಸ. ಬಿಳಿಗಾರ ಹೊಟ್ಟೆಗೆ ಹೋಗುವ ವಸ್ತುವಲ್ಲ. ಮೊಟ್ಟೆಯ ಬಾಟಲಿಯ ಮುಚ್ಚಳಕ್ಕೆ ಚೀಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ 'ಮೀನಿಗೆ ಮಾತ್ರ' ಎಂದು ಬರೆಸಿದ್ದೇನೆ.